ಕೆನಡಾದ ಸೊಸೆ ಊರಿಗೆ ಬರ್ತಿದ್ದಾಳೆ: ಯಾವ ಕಾಗದ ಮೊದಲು, ಯಾವುದು ಆಮೇಲೆ?

ತುಂಗಾತೀರ (ತೀರ್ಥಹಳ್ಳಿ)

ಮಗ ಎಂಟು ವರ್ಷದಿಂದ ಟೊರಾಂಟೊದಲ್ಲಿದ್ದಾನೆ. ಅಲ್ಲಿನ ಪಿಆರ್ (ಕಾಯಂ ವಾಸದ ಅನುಮತಿ) ಇದೆ, ಪಾಸ್‌ಪೋರ್ಟ್ ಮಾತ್ರ ಭಾರತದ್ದೇ. ಸೊಸೆ ಕೆನಡಾದವಳು, ಕ್ರಿಶ್ಚಿಯನ್. ಮೂರು ವರ್ಷದ ಹಿಂದೆ ಅಲ್ಲಿನ ಸಿಟಿ ಹಾಲ್‌ನಲ್ಲಿ ಮದುವೆಯಾಗಿದೆ. ಒಂದೂವರೆ ವರ್ಷದ ಮೊಮ್ಮಗಳು ಹುಟ್ಟಿದ್ದೂ ಅಲ್ಲೇ. ಮೂವರೂ ಊರಿಗೇ ಬಂದು ಇರ್ತೀವಿ ಅಂತಿದ್ದಾರೆ. ನನ್ನ ಹೆಸರಲ್ಲಿ ಅಡಿಕೆ ತೋಟವಿದೆ, ಅದರೊಳಗೇ ಮನೆ. ವೀಸಾ, ತೋಟದ ಪತ್ರ, ತೆರಿಗೆ, ಮಳೆಗಾಲ ಎಲ್ಲದರ ಬಗ್ಗೆಯೂ ತಿಳಿದವರು ಹೇಳಿ. ಯಾವುದನ್ನು ಅಲ್ಲಿಂದ ಹೊರಡುವ ಮೊದಲೇ ಮುಗಿಸಬೇಕು?

ಕಾಗದಪತ್ರ (ಶಿವಮೊಗ್ಗ)

ಅಲ್ಲೇ ಮುಗಿಸಬೇಕಾದ್ದು ಮುಖ್ಯವಾಗಿ ಎರಡು: ಮದುವೆಯ ಸರ್ಟಿಫಿಕೇಟು, ಸೊಸೆಯ ಓಸಿಐ (ವಿದೇಶಿ ಪಾಸ್‌ಪೋರ್ಟ್ ಇಟ್ಟುಕೊಂಡೇ ಭಾರತದಲ್ಲಿ ಬಂದು ಇರಲು ಕೊಡುವ ಸಾಗರೋತ್ತರ ಭಾರತೀಯ ಕಾರ್ಡ್). ಒಂದು ಸರಿಯಿಲ್ಲದಿದ್ದರೆ ಇನ್ನೊಂದು ಆಗುವುದಿಲ್ಲ.

ಮೊದಲು ಸರ್ಟಿಫಿಕೇಟು. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಮದುವೆಯ ದಿನ ಕೈಗೆ ಕೊಡುವ ಕಾಗದ ಮದುವೆ ನಡೆಯಿತು ಎನ್ನುವುದಕ್ಕೆ ಒಂದು ಗುರುತು, ಅಷ್ಟೇ. ಕಾನೂನಿನ ಪ್ರಮಾಣಪತ್ರವನ್ನು ಆಮೇಲೆ ಪ್ರಾಂತ್ಯದ ರಿಜಿಸ್ಟ್ರಾರ್ ಜನರಲ್ ಕಚೇರಿಯಿಂದ ಬೇರೆಯಾಗಿ ಅರ್ಜಿ ಹಾಕಿ, ಶುಲ್ಕ ಕಟ್ಟಿ ತರಿಸಿಕೊಳ್ಳಬೇಕು. ಬಹಳ ಜನ ಮೊದಲನೆಯದನ್ನೇ ಫ್ರೇಮ್ ಹಾಕಿಸಿಟ್ಟುಕೊಂಡು ಅದೇ ಸರ್ಟಿಫಿಕೇಟು ಅಂದುಕೊಂಡಿರುತ್ತಾರೆ. ಮಗನಿಗೆ ಇವತ್ತೇ ಫೋನ್ ಮಾಡಿ, ಇರೋದು ಯಾವುದು ಅಂತ ಕೇಳಿ.

ಆ ಪ್ರಮಾಣಪತ್ರಕ್ಕೆ ಅಪೋಸ್ಟಿಲ್ (ಬೇರೆ ದೇಶದಲ್ಲೂ ನಡೆಯಲೆಂದು ಸರ್ಕಾರ ಹಚ್ಚಿಕೊಡುವ ದೃಢೀಕರಣದ ಹಾಳೆ) ಆಗಬೇಕು. ಭಾರತ ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿದ್ದು 2005ರಲ್ಲಿ. ಕೆನಡಾದಲ್ಲಿ ಅದು ಜಾರಿಗೆ ಬಂದಿದ್ದು 2024ರ ಜನವರಿ 11ರಂದು. ಅದಕ್ಕೆ ಮುಂಚೆ ಬರೆದಿಟ್ಟ ಸಲಹೆಗಳನ್ನು ಓದಿದರೆ ಕಾನ್ಸುಲೇಟಿನ ದೃಢೀಕರಣ ಬೇಕು ಅಂತ ಸಿಗುತ್ತೆ, ಅದು ಹಳೇ ಮಾತು. ಒಂಟಾರಿಯೊದ ಕಾಗದಕ್ಕೆ ಒಂಟಾರಿಯೊ ಸರ್ಕಾರವೇ ಅಪೋಸ್ಟಿಲ್ ಕೊಡುತ್ತದೆ. ಮೊಮ್ಮಗಳ ಜನನ ಪ್ರಮಾಣಪತ್ರಕ್ಕೂ ಅದೇ ಸಲಕ್ಕೆ ಮಾಡಿಸಿಕೊಳ್ಳಲಿ. ಊರಿಗೆ ಬಂದ ಮೇಲೆ ಇಲ್ಲಿಂದ ಮಾಡಿಸುವುದು ದೊಡ್ಡ ಪರದಾಟ.

ಇನ್ನು ಓಸಿಐ. ಭಾರತೀಯ ಪ್ರಜೆಯನ್ನಾಗಲಿ ಓಸಿಐ ಇರುವವರನ್ನಾಗಲಿ ಮದುವೆಯಾದ ವಿದೇಶಿಯರಿಗೆ 1955ರ ಪೌರತ್ವ ಕಾಯ್ದೆಯ 7ಎ ಕಲಮಿನಡಿ ಇದು ಸಿಗುತ್ತದೆ. ಮದುವೆ ನೋಂದಣಿಯಾಗಿ, ಅರ್ಜಿ ಹಾಕುವ ದಿನಕ್ಕೆ ಸತತ 2 ವರ್ಷ ತುಂಬಿರಬೇಕು. ನಿಮ್ಮವರಿಗೆ ತುಂಬಿದೆ. ಸೊಸೆಯ ತಂದೆತಾಯಿ, ಅಜ್ಜ ಅಜ್ಜಿ, ಮುತ್ತಜ್ಜಂದಿರಲ್ಲಿ ಯಾರಾದರೂ ಯಾವತ್ತಾದರೂ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಯಾಗಿದ್ದರೆ ಸಿಗುವುದಿಲ್ಲ. ಮದುವೆಯ ಆಧಾರದ ಅರ್ಜಿಗೆ ಭದ್ರತಾ ತಪಾಸಣೆ ಕಡ್ಡಾಯ, ಹಾಗಾಗಿ ಹುಟ್ಟಿನ ಆಧಾರದ ಅರ್ಜಿಗಿಂತ ನಿಧಾನ. ಕಾರ್ಡ್ ಕೈಗೆ ಬರುವವರೆಗೆ ಅಲ್ಲಿನ ಮನೆ ಖಾಲಿ ಮಾಡಬೇಡಿ, ಟಿಕೆಟ್ ತೆಗೆಯಬೇಡಿ ಅಂತ ಹೇಳಿ. ಅಲ್ಲಿಂದ ಹಾಕಿದರೆ ಅರ್ಜಿ ಶುಲ್ಕ 275 ಅಮೆರಿಕನ್ ಡಾಲರ್ ಲೆಕ್ಕದಲ್ಲಿ, ಇಲ್ಲಿ ಹಾಕಿದರೆ 15,000 ರೂಪಾಯಿ.

ಈ ಅರ್ಜಿಗಳು ತಿರುಗಿ ಬರುವುದು ಹೆಚ್ಚಾಗಿ ಹೆಸರಿನ ವಿಷಯಕ್ಕೆ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ಊರ ಹೆಸರೋ ಅಪ್ಪನ ಹೆಸರೋ ಸರ್‌ನೇಮ್ ಆಗಿರುತ್ತದೆ. ಮದುವೆಯ ಕಾಗದದಲ್ಲಿ ಮತ್ತೊಂದು ರೀತಿ. ಸೊಸೆಯ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಸೇರಿದೆಯೋ ಇಲ್ಲವೋ ನೋಡಿ. ಮಗನ ಪಾಸ್‌ಪೋರ್ಟ್, ಮದುವೆ ಪ್ರಮಾಣಪತ್ರ, ಮಗುವಿನ ಜನನ ಪ್ರಮಾಣಪತ್ರ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ತಾಳೆ ನೋಡಬೇಕು. ವ್ಯತ್ಯಾಸ ಕಂಡರೆ ಮೊದಲು ಅದನ್ನು ಸರಿಪಡಿಸಿ ಆಮೇಲೆ ಅರ್ಜಿ. ಎರಡೂ ಹೆಸರು ಒಬ್ಬರದ್ದೇ ಎನ್ನುವ ಅಫಿಡವಿಟ್ ಬ್ಯಾಂಕಿಗೆ ಸಾಕಾಗಬಹುದು, ಇಲ್ಲಿ ಅದನ್ನೇ ನಂಬಿಕೊಂಡು ಕೂರಬೇಡಿ.

ಫೋಟೊ ಚೌಕವಾಗಿರಬೇಕು, 51 ಮಿಲಿಮೀಟರ್ ಉದ್ದ, ಅಷ್ಟೇ ಅಗಲ. ಸಹಿಯ ಸ್ಕ್ಯಾನ್ ಎತ್ತರದ ಮೂರು ಪಟ್ಟು ಅಗಲ. ನಮ್ಮೂರ ಸ್ಟುಡಿಯೊದವರು ಕೊಡುವ ಪಾಸ್‌ಪೋರ್ಟ್ ಸೈಜು ಇದಲ್ಲ.

ಅಂಬಾರಗೋಡ್ಲು (ಸಾಗರ)

ಓಸಿಐಗೆ ಕಾಯುವಷ್ಟು ವ್ಯವಧಾನ ಇಲ್ಲದಿದ್ದರೆ ಎಂಟ್ರಿ ವೀಸಾ ಇದೆ, ಎಕ್ಸ್ ವೀಸಾ ಅಂತಾರೆ. ಭಾರತೀಯರ ಗಂಡ ಅಥವಾ ಹೆಂಡತಿ ಅಂತಲೇ ಕೊಡುವಂಥದ್ದು. ಬಂದ ಮೇಲೆ ವೀಸಾದಲ್ಲಿ ಹೇಳಿದ ಗಡುವಿನೊಳಗೆ ನೋಂದಣಿ ಆಗಬೇಕು. ಇ-ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿಯ) ಜಾಲತಾಣದಲ್ಲೇ ಅರ್ಜಿ. ಜಿಲ್ಲೆಯಲ್ಲಿ ಇದನ್ನು ನೋಡಿಕೊಳ್ಳುವುದು ಎಸ್ಪಿ ಕಚೇರಿ. ಆಮೇಲೆ ಇಲ್ಲಿಂದಲೇ ಓಸಿಐಗೆ ಹಾಕಬಹುದು, ಅದು ಬೆಂಗಳೂರಿನ ಎಫ್‌ಆರ್‌ಆರ್‌ಒಗೆ ಹೋಗುತ್ತದೆ.

ಟೂರಿಸ್ಟ್ ವೀಸಾದಲ್ಲಿ ಮಾತ್ರ ಕರೆಸಬೇಡಿ. ಆ ವೀಸಾದಲ್ಲಿದ್ದಾಗ ಇಲ್ಲಿ ಓಸಿಐ ಅರ್ಜಿ ತೆಗೆದುಕೊಳ್ಳುವುದಿಲ್ಲ. ವಾಪಸ್ ಹೋಗಿ ಮತ್ತೆ ಬರಬೇಕಾಗುತ್ತದೆ. ಎಕ್ಸ್ ವೀಸಾದಲ್ಲಿರುವಾಗ ಸಂಬಳದ ಕೆಲಸಕ್ಕೆ ಸೇರುವ ಮುಂಚೆಯೂ ಎಫ್‌ಆರ್‌ಆರ್‌ಒ ಕೇಳಿಯೇ ಸೇರಬೇಕು. ಓಸಿಐ ಇದ್ದರೆ ಆ ತೊಡಕಿಲ್ಲ, ಖಾಸಗಿ ಕೆಲಸ ಮಾಡಬಹುದು. ಸರ್ಕಾರಿ ಕೆಲಸ, ಓಟು ಎರಡೂ ಇಲ್ಲ. ಸಂಶೋಧನೆ, ಪತ್ರಿಕೋದ್ಯಮ, ಧರ್ಮಪ್ರಚಾರ, ಪರ್ವತಾರೋಹಣಕ್ಕೆ ಪ್ರತ್ಯೇಕ ಅನುಮತಿ ಬೇಕು. ಪಶ್ಚಿಮಘಟ್ಟಕ್ಕೆ ಬಂದು ಕಪ್ಪೆ, ಹಾವು, ಆರ್ಕಿಡ್ ಅಂತ ಅಧ್ಯಯನಕ್ಕೆ ಇಳಿಯುವವರು ಇದನ್ನು ಮರೆಯುತ್ತಾರೆ, ಅದಕ್ಕೇ ಹೇಳಿದೆ.

ಇನ್ನೊಂದು. 2025ರ ಸೆಪ್ಟೆಂಬರ್ 1ರಿಂದ ವಿದೇಶಿಯರ ವಿಷಯಕ್ಕೆ ಹೊಸ ಕಾಯ್ದೆ ಬಂದಿದೆ. 1946ರ ಫಾರಿನರ್ಸ್ ಆಕ್ಟ್, 1939ರ ನೋಂದಣಿ ಕಾಯ್ದೆ ಎರಡೂ ಹೋದವು. ಹಳೇ ಕಲಮುಗಳನ್ನು ಹಿಡಿದುಕೊಂಡು ಯಾರಾದರೂ ವಾದ ಮಾಡಿದರೆ ಹೊಸದನ್ನು ನೋಡಲು ಹೇಳಿ.

ಹೊಸನಗರದವರು

ಇಷ್ಟೆಲ್ಲ ಯಾಕೆ? ಬಂದ ಮೇಲೆ ತೀರ್ಥಹಳ್ಳಿ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸ್ಪೆಷಲ್ ಮ್ಯಾರೇಜ್ ಆಕ್ಟ್ ಕೆಳಗೆ ಇನ್ನೊಂದು ಸಲ ನೋಂದಣಿ ಮಾಡಿಸಿಬಿಡಿ. ಇಲ್ಲಿನ ಸರ್ಟಿಫಿಕೇಟು ಇದ್ದರೆ ಎಲ್ಲ ಕಡೆ ನಡೆಯುತ್ತೆ.

ಪಹಣಿ (ಶಿವಮೊಗ್ಗ)

ದಯವಿಟ್ಟು ಹಾಗೆ ಮಾಡಬೇಡಿ. ಒಳ್ಳೇ ಮನಸ್ಸಿಂದಲೇ ಹೇಳಿದ್ದೀರಿ, ಆದರೆ ಕೂಡು ಕುಟುಂಬದ ತೋಟ ಇರುವ ಮನೆಗೆ ಇದು ದೊಡ್ಡ ಪೆಟ್ಟು.

1954ರ ಸ್ಪೆಷಲ್ ಮ್ಯಾರೇಜ್ ಆಕ್ಟಿನ 19ನೇ ಕಲಮು ಹೇಳುವುದು ಇಷ್ಟು: ಅವಿಭಕ್ತ ಕುಟುಂಬದ ಹಿಂದೂ ಸದಸ್ಯ ಈ ಕಾಯ್ದೆಯಡಿ ಮದುವೆಯಾದರೆ ಆ ಕುಟುಂಬದಿಂದ ಅವನು ಬೇರ್ಪಟ್ಟಂತೆಯೇ. ಗಂಡ ಹೆಂಡತಿ ಇಬ್ಬರೂ ಹಿಂದೂ, ಬೌದ್ಧ, ಸಿಖ್ ಅಥವಾ ಜೈನರಾಗಿದ್ದರೆ ಮಾತ್ರ 21ಎ ಪ್ರಕಾರ ವಿನಾಯಿತಿ. ನಿಮ್ಮ ಸೊಸೆ ಕ್ರಿಶ್ಚಿಯನ್, ವಿನಾಯಿತಿ ಸಿಗುವುದಿಲ್ಲ. ಬೇರೆ ಕಡೆ ಆದ ಮದುವೆಯನ್ನು ಇಲ್ಲಿ ಆ ಕಾಯ್ದೆಯಡಿ ನೋಂದಾಯಿಸಿದರೂ ಅದರಡಿಯೇ ನಡೆದ ಮದುವೆ ಅಂತ ಲೆಕ್ಕ. ಅದಲ್ಲದೆ 21ನೇ ಕಲಮಿನಂತೆ ಮಗನ ಉತ್ತರಾಧಿಕಾರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಗೆ ಹೋಗುತ್ತದೆ. ಅಲ್ಲಿ ಉಯಿಲು ಇಲ್ಲದಿದ್ದರೆ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಮಕ್ಕಳಿಗೆ ಮೂರರಲ್ಲಿ ಎರಡು. ಇದು ಕೆಟ್ಟದ್ದು ಅಂತಲ್ಲ. ಗೊತ್ತಿದ್ದು ಮಾಡಿದರೆ ಸರಿ, ಕೌಂಟರಿನಲ್ಲಿ ಯಾರೋ ಹೇಳಿದರು ಅಂತ ಸಹಿ ಹಾಕಿ ಬಂದರೆ ಅಣ್ಣತಮ್ಮಂದಿರ ನಡುವೆ ವರ್ಷಗಟ್ಟಲೆ ವ್ಯಾಜ್ಯ.

ಕೆನಡಾದಲ್ಲಿ ಕಾನೂನುಬದ್ಧವಾಗಿ ಆದ ಮದುವೆ ಇಲ್ಲೂ ಮದುವೆಯೇ. ಅಪೋಸ್ಟಿಲ್ ಆದ ಪ್ರಮಾಣಪತ್ರ ಸಾಕು. ಎರಡು ದೇಶದ ಎರಡು ಪ್ರಮಾಣಪತ್ರ, ಎರಡು ತಾರೀಕು ಇದ್ದರೆ ಓಸಿಐ ಅರ್ಜಿಯಲ್ಲಿ ಎರಡು ವರ್ಷ ಯಾವತ್ತಿನಿಂದ ಅನ್ನುವ ಪ್ರಶ್ನೆ ಬೇರೆ ಏಳುತ್ತದೆ.

ಇನ್ನು ತೋಟ. ಕರ್ನಾಟಕದಲ್ಲಿ ಕೃಷಿಕರಲ್ಲದವರು ಜಮೀನು ಕೊಳ್ಳಬಾರದು ಎನ್ನುವ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು 2020ರ ತಿದ್ದುಪಡಿಯಲ್ಲಿ ಹೋದವು. ಅದನ್ನು ಕೇಳಿ, ಹಾಗಾದರೆ ಸೊಸೆಯ ಹೆಸರಿಗೂ ಮಾಡಬಹುದು ಅಂತ ಕೆಲವರು ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಅದು ರಾಜ್ಯದ ಕಾಯ್ದೆ. ಓಸಿಐಯವರು ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್ ಹೌಸ್ ಕೊಳ್ಳುವಂತಿಲ್ಲ ಎನ್ನುವುದು ಕೇಂದ್ರದ ನಿಯಮ. ದಾನಪತ್ರದ ದಾರಿಯೂ ಬೇಡ. ಉತ್ತರಾಧಿಕಾರವಾಗಿ ಬಂದರೆ ಮಾತ್ರ ಅಡ್ಡಿಯಿಲ್ಲ.

ಮಗನದು ಬೇರೆ ಲೆಕ್ಕ. ಅವನು ಭಾರತೀಯ ಪ್ರಜೆ. ಹೊರದೇಶದಲ್ಲಿ ವಾಸವಾಗಿರುವವರೆಗೆ ಅವನೂ ತೋಟ ಕೊಳ್ಳುವಂತಿಲ್ಲ, ಬಂದು ಇಲ್ಲಿನ ನಿವಾಸಿಯಾದ ಮೇಲೆ ಕೊಳ್ಳಬಹುದು. ಪಕ್ಕದ ಎರಡೆಕರೆ ಮಾರಾಟಕ್ಕಿದೆ ಅಂತ ಅವನಿಂದ ಜಿಪಿಎ (ಅವನ ಪರವಾಗಿ ಸಹಿ ಹಾಕುವ ಅಧಿಕಾರಪತ್ರ) ತರಿಸಿ ಈಗಲೇ ನೋಂದಣಿ ಮಾಡಿಸಲು ಹೋಗಬೇಡಿ.

ಹೀಗೆ ಹೇಳಿದ ಮಾತ್ರಕ್ಕೆ ಸೊಸೆಗೆ ಏನೂ ಇಲ್ಲದಂತೆ ಬಿಡಿ ಎಂದಲ್ಲ. ತನ್ನವರನ್ನೆಲ್ಲ ಬಿಟ್ಟು ಇಲ್ಲಿಗೆ ಬರುವ ಹೆಣ್ಣುಮಗಳು. ನಾಳೆ ಗಂಡನಿಗೆ ಏನಾದರೂ ಆದರೆ ಅವಳು ಯಾರ ಮನೆ ಬಾಗಿಲಿಗೂ ಹೋಗಿ ನಿಲ್ಲುವಂತಾಗಬಾರದು. ಹಾಗಾಗಿ ಮಗ ಬಂದ ತಿಂಗಳಲ್ಲೇ ಉಯಿಲು ಬರೆಯಲಿ. ಇಬ್ಬರು ಸಾಕ್ಷಿ ಬೇಕು, ಆಸ್ತಿ ಪಡೆಯುವವರು ಸಾಕ್ಷಿ ಹಾಕದಿರಲಿ. ನೋಂದಣಿ ಕಡ್ಡಾಯವಲ್ಲದಿದ್ದರೂ ಸಬ್ ರಿಜಿಸ್ಟ್ರಾರ್ ಹತ್ತಿರ ಮಾಡಿಸಿಯೇ ಬಿಡಿ. ನಿಮ್ಮದೂ ಒಂದು ಉಯಿಲು ಇರಲಿ. ತೋಟ ಪಿತ್ರಾರ್ಜಿತವಾಗಿದ್ದರೆ ನಿಮ್ಮ ಪಾಲಿನಷ್ಟೇ ಬರೆಯಬಹುದು, 2005ರಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು.

ಮನೆ ತೋಟದೊಳಗೇ ಇದೆ ಅಂದಿರಲ್ಲ, ಪಹಣಿ ತೆಗೆದು ನೋಡಿ. ಮನೆ ಕಟ್ಟಿದ ಜಾಗ ಇನ್ನೂ ಬಾಗಾಯ್ತು (ತೋಟ) ಅಥವಾ ತರಿ (ಗದ್ದೆ) ಅಂತಲೇ ಇದ್ದರೆ ಕಾನೂನಿಗೆ ಅದು ಮನೆಯಲ್ಲ, ಜಮೀನು. ಸೊಸೆಯ ಹೆಸರಲ್ಲಿ ಒಂದು ಸೂರು ಇರಲಿ ಅಂತಿದ್ದರೆ ಪೇಟೆಯಲ್ಲೊಂದು ಮನೆ, ಇಲ್ಲವೇ ಗ್ರಾಮಠಾಣಾದಲ್ಲಿ ಪಂಚಾಯಿತಿಯ ಇ-ಸ್ವತ್ತಿನ ನಮೂನೆ 9, 11 ಇರುವ ಮನೆ ನೋಡಿ. ಅದಕ್ಕೆ ಓಸಿಐ ಅಡ್ಡಿ ಬರುವುದಿಲ್ಲ. ಸೊಪ್ಪಿನ ಬೆಟ್ಟದಲ್ಲಿ ಮನೆ ಕಟ್ಟಿ ಕೊಡುತ್ತೇವೆ ಅನ್ನುವವರ ಮಾತು ಮಾತ್ರ ಕೇಳಬೇಡಿ. ಬೆಟ್ಟದ್ದು ಸೊಪ್ಪು, ದರಗು (ಒಣಗಿದ ಎಲೆ) ತರುವ ಹಕ್ಕು, ಒಡೆತನವಲ್ಲ.

ಹೊಸನಗರದವರು

19ನೇ ಕಲಮಿನ ವಿಷಯ ಗೊತ್ತಿರಲಿಲ್ಲ. ನಾನು ಹೇಳಿದ್ದನ್ನು ಬಿಟ್ಟುಬಿಡಿ. ಒಂದು ಸಂದೇಹ: ಇನ್ನೂ ಮದುವೆಯೇ ಆಗಿಲ್ಲದ ಜೋಡಿ ಊರಿನ ದೇವಸ್ಥಾನದಲ್ಲಿ ಧಾರೆ ಎರೆಸಿಕೊಂಡರೆ ಸಾಲದೇ?

ಪಹಣಿ (ಶಿವಮೊಗ್ಗ)

ಹಿಂದೂ ವಿವಾಹ ಕಾಯ್ದೆ ಇಬ್ಬರೂ ಹಿಂದೂಗಳಾಗಿದ್ದರೆ ಮಾತ್ರ. ಒಬ್ಬರು ಬೇರೆ ಧರ್ಮದವರಾದರೆ ಆ ಧಾರೆಗೆ ಕಾಗದದ ಬೆಲೆ ಇಲ್ಲ. ಅಂಥವರಿಗೆ ಸ್ಪೆಷಲ್ ಮ್ಯಾರೇಜ್ ಆಕ್ಟೇ ದಾರಿ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದು ನೋಟಿಸು ಕೊಡಬೇಕು, ನೋಟಿಸಿನ ಮೇಲೆ ಮತ್ತೆ 30 ದಿನ ಕಾಯಬೇಕು, ಮೂರು ಸಾಕ್ಷಿ. ನೋಟಿಸು ಕೊಟ್ಟು ಮೂರು ತಿಂಗಳೊಳಗೆ ಮದುವೆಯಾಗದಿದ್ದರೆ ಮೊದಲಿಂದ ಶುರು. ಎರಡು ವಾರದ ರಜೆಯಲ್ಲಿ ಬಂದು ಮುಗಿಸುವ ಕೆಲಸವಲ್ಲ. ಆಸ್ತಿಯ ಮಾತನ್ನು ಮೊದಲೇ ಮನೆಯಲ್ಲಿ ಕೂತು ಆಡಿಕೊಳ್ಳಿ.

ಅಂಬಾರಗೋಡ್ಲು (ಸಾಗರ)

ಮೊಮ್ಮಗಳ ಬಗ್ಗೆ ಯಾರೂ ಹೇಳಲಿಲ್ಲ. ಅವಳು ಹುಟ್ಟಿನಿಂದ ಕೆನಡಾ ಪ್ರಜೆ. ಅಪ್ಪ ಭಾರತೀಯನಾದ್ದರಿಂದ ಹುಟ್ಟಿದ ಒಂದು ವರ್ಷದೊಳಗೆ ಕಾನ್ಸುಲೇಟಿನಲ್ಲಿ ನೋಂದಾಯಿಸಿದ್ದರೆ ಭಾರತೀಯ ಪೌರತ್ವ ಪಡೆಯಬಹುದಿತ್ತು, ಆದರೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ಬರೆದುಕೊಡಬೇಕು. ಆ ವರ್ಷ ದಾಟಿದೆ. ಈಗ ನೇರ ದಾರಿ ಮಗುವಿಗೂ ಓಸಿಐ. ಎರಡೂ ದೇಶದ ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ. ಮಗುವಿನ ಓಸಿಐ 20 ವರ್ಷ ದಾಟಿ ಹೊಸ ಪಾಸ್‌ಪೋರ್ಟ್ ಮಾಡಿಸಿದಾಗ ಒಮ್ಮೆ ಮರುವಿತರಣೆ ಆಗಬೇಕು.

ಈಗಲೇ ತಿಳಿದಿರಲಿ, 2021ರ ಮಾರ್ಚ್ 4ರ ಅಧಿಸೂಚನೆಯಂತೆ ನೀಟ್, ಜೆಇಇ ಥರದ ಪ್ರವೇಶದಲ್ಲಿ ಓಸಿಐ ಮಕ್ಕಳಿಗೆ ಎನ್‌ಆರ್‌ಐ (ಅನಿವಾಸಿ ಭಾರತೀಯರ) ಸೀಟು ಅಥವಾ ಹೆಚ್ಚುವರಿಯಾಗಿ ಸೃಷ್ಟಿಸಿದ ಸೀಟುಗಳಷ್ಟೇ. ಮಗು ಪಿಯುಸಿಗೆ ಬಂದಾಗ ಗೊತ್ತಾದರೆ ಏನೂ ಮಾಡಲು ಆಗುವುದಿಲ್ಲ.

ಸೊಸೆಯ ಓಸಿಐಗೆ ಒಂದು ಕೆಲಸ ಮುಂದೆಯೂ ಇರುತ್ತದೆ. ಪ್ರತಿ ಸಲ ಹೊಸ ಪಾಸ್‌ಪೋರ್ಟ್ ಬಂದಾಗ ಮೂರು ತಿಂಗಳೊಳಗೆ ಅದರ ಪ್ರತಿ, ಹೊಸ ಫೋಟೊ, ಮದುವೆ ಮುಂದುವರಿದಿದೆ ಎನ್ನುವ ಘೋಷಣೆ ಎಲ್ಲವನ್ನೂ ಜಾಲತಾಣಕ್ಕೆ ಹಾಕಬೇಕು. ವಿಚ್ಛೇದನವಾದರೆ ಈ ಓಸಿಐ ರದ್ದಾಗಬಹುದು. ಪೌರತ್ವವೇ ಬೇಕು ಎಂದರೆ ಭಾರತೀಯನ ಹೆಂಡತಿಯಾಗಿ ಇಲ್ಲಿ 7 ವರ್ಷ ವಾಸವಿದ್ದು ಅರ್ಜಿ ಹಾಕಬಹುದು, ಆದರೆ ಕೆನಡಾದ್ದು ಬಿಡಬೇಕು.

ಆಧಾರ್: ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ಇದ್ದಿರಬೇಕು, ಓಸಿಐಯವರಿಗೆ 10 ವರ್ಷದ ಅವಧಿ. ಡ್ರೈವಿಂಗ್‌ಗೆ ಬರುವಾಗಲೇ ಕೆನಡಾದಿಂದ ಅಂತರರಾಷ್ಟ್ರೀಯ ಪರ್ಮಿಟ್ ತರಲಿ, ಒಂದು ವರ್ಷ ನಡೆಯುತ್ತದೆ. ಅಷ್ಟರೊಳಗೆ ಶಿವಮೊಗ್ಗ ಆರ್‌ಟಿಒದಲ್ಲಿ ಎಲ್‌ಎಲ್ ಮಾಡಿಸಿ, 30 ದಿನ ಕಳೆದು ಡಿಎಲ್ ಪರೀಕ್ಷೆ. ಬಲಗಡೆ ಓಡಿಸಿ ಅಭ್ಯಾಸ ಇದ್ದವರಿಗೆ ಆಗುಂಬೆ ಘಾಟಿಯ ಹೇರ್‌ಪಿನ್ ತಿರುವು ಮೊದಲ ಪಾಠ ಆಗದಿರಲಿ.

ಲೆಕ್ಕದ ಪುಸ್ತಕ (ಕೊಪ್ಪ)

ಬರುವ ತಿಂಗಳು ಯಾವುದು ಎನ್ನುವುದರಲ್ಲೇ ತೆರಿಗೆ ಇದೆ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಭಾರತದಲ್ಲಿ 182 ದಿನ ತುಂಬಿದರೆ ಆ ವರ್ಷಕ್ಕೆ ನಿವಾಸಿ. ಅಕ್ಟೋಬರ್ 1ಕ್ಕೆ ಬಂದಿಳಿದರೆ ಮಾರ್ಚ್ 31ಕ್ಕೆ ಸರಿಯಾಗಿ 182 ದಿನ ಆಗುತ್ತದೆ. ಅಕ್ಟೋಬರ್ ಎರಡನೇ ವಾರದಲ್ಲಿ ಬಂದರೆ ಆಗುವುದಿಲ್ಲ, ಆ ವರ್ಷ ಅನಿವಾಸಿ. ಅದೇ ವರ್ಷ ಮೇ ತಿಂಗಳಲ್ಲಿ ಉಪನಯನಕ್ಕೋ ಗೃಹಪ್ರವೇಶಕ್ಕೋ ಬಂದು ಹೋಗಿದ್ದರೆ ಆ ದಿನಗಳನ್ನೂ ಕೂಡಿಸಿ.

ಆಮೇಲಿನದು ಸಾಮಾನ್ಯ ನಿವಾಸಿಯಲ್ಲದ ನಿವಾಸಿ ಎನ್ನುವ ಹಂತ, ಆರ್‌ಎನ್‌ಒಆರ್. ಹಿಂದಿನ 7 ವರ್ಷದಲ್ಲಿ ಭಾರತದಲ್ಲಿದ್ದ ದಿನ 729 ದಾಟಿರಬಾರದು. ವರ್ಷಕ್ಕೆ ಮೂರು ವಾರ ಬಂದು ಹೋಗುತ್ತಿದ್ದು ಅಕ್ಟೋಬರ್ ಎರಡನೇ ವಾರದಲ್ಲಿ ಬಂದವರ ಲೆಕ್ಕ ಹಾಕಿ: ಬಂದ ವರ್ಷದ 170 ದಿನ, ಹಿಂದಿನ ಆರು ವರ್ಷದ 126 ದಿನ, ಒಟ್ಟು 296. ಎರಡನೇ ವರ್ಷ ಆರ್‌ಎನ್‌ಒಆರ್. ಮೂರನೇ ವರ್ಷಕ್ಕೆ 170, 365, ಅದಕ್ಕೂ ಹಿಂದಿನ ಐದು ವರ್ಷದ 105 ಸೇರಿ 640, ಆಗಲೂ ಅದೇ. ನಾಲ್ಕನೆಯದರಲ್ಲಿ ದಾಟುತ್ತದೆ. ಆ ಎರಡು ವರ್ಷ ಕೆನಡಾದ ಬಡ್ಡಿ, ಡಿವಿಡೆಂಡ್, ಬಾಡಿಗೆಗೆ ಇಲ್ಲಿ ತೆರಿಗೆ ಇಲ್ಲ. ಮಾರಬೇಕಾದ ಶೇರು, ಮನೆ ಇದ್ದರೆ ಆ ಅವಧಿಯಲ್ಲೇ ಯೋಚಿಸಲಿ. ಸೊಸೆಗೂ ಇದೇ ಅಳತೆ. ಆದರೆ ಇಲ್ಲಿ ಕೂತು ಕೆನಡಾದ ಕಂಪನಿಗೆ ಮಾಡಿದ ಕೆಲಸದ ಸಂಬಳ ಭಾರತದ ಆದಾಯವೇ. ಅದಕ್ಕೆ ಈ ವಿನಾಯಿತಿ ಇಲ್ಲ, ಬಹಳ ಜನ ಎಡವುವುದು ಇಲ್ಲೇ.

ಪೂರ್ತಿ ನಿವಾಸಿಯಾದ ಮೇಲೆ ಅಲ್ಲಿನ ಪ್ರತಿಯೊಂದು ಖಾತೆಯನ್ನೂ ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಆರ್‌ಆರ್‌ಎಸ್‌ಪಿಯಂಥ ನಿವೃತ್ತಿ ಖಾತೆಯ ಬೆಳವಣಿಗೆಗೆ ತೆರಿಗೆ ಮುಂದೂಡುವ ಆಯ್ಕೆ ಕೆನಡಾ, ಅಮೆರಿಕ, ಬ್ರಿಟನ್ ಮೂರಕ್ಕೂ ಇದೆ, ನಮೂನೆ ತುಂಬಿಯೇ ಪಡೆಯಬೇಕು. ಟಿಎಫ್‌ಎಸ್‌ಎ ಎನ್ನುವ ಉಳಿತಾಯ ಖಾತೆ ಅಲ್ಲಿ ತೆರಿಗೆಮುಕ್ತ, ಇಲ್ಲಿ ಅಲ್ಲ. ಮಗನ ಎನ್‌ಆರ್‌ಇ (ಅನಿವಾಸಿಗಳ) ಖಾತೆಯನ್ನು ಬಂದ ಕೂಡಲೇ ಬ್ಯಾಂಕಿಗೆ ತಿಳಿಸಿ ನಿವಾಸಿ ಖಾತೆಯಾಗಿ ಬದಲಿಸಲಿ. ಡಾಲರಿನಲ್ಲೇ ಇಟ್ಟುಕೊಳ್ಳಬೇಕೆಂದರೆ ಆರ್‌ಎಫ್‌ಸಿ (ನಿವಾಸಿಯ ವಿದೇಶಿ ಕರೆನ್ಸಿ) ಖಾತೆ.

ಮಳೆಗಾಲ (ಆಗುಂಬೆ ಕಡೆ)

ಅಕ್ಟೋಬರ್ ಅಂದಿದ್ದು ಇನ್ನೊಂದು ಕಾರಣಕ್ಕೂ ಒಳ್ಳೇದು. ಜೂನ್‌ನಲ್ಲಿ ಮಾತ್ರ ಕರೆಸಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುವ ಮಳೆ. ಚಿಕ್ಕ ಮಗು, ಹೊಸ ಊರು, ಒಣಗದ ಬಟ್ಟೆ, ಇಲ್ಲದ ಕರೆಂಟು, ಎಲ್ಲ ಒಟ್ಟಿಗೇ ಬಂದರೆ ಯಾರಿಗಾದರೂ ಮನಸ್ಸು ಮುರಿಯುತ್ತದೆ. ಅಡಿಕೆ ಕೊಯ್ಲಿನ ಹೊತ್ತಿಗೆ ಬಂದರೆ ಮನೆ ತುಂಬಾ ಜನ, ಕೆಲಸ, ಮಾತು. ಆಮೇಲೆ ಮಳೆಗೆ ಆರೇಳು ತಿಂಗಳು ಸಿದ್ಧತೆ ಸಿಗುತ್ತದೆ.

ಸಾಮಾನು: ಕೆನಡಾದ ಮಿಕ್ಸರ್, ಹೀಟರ್ ತರಬೇಡಿ. ಅಲ್ಲಿ 120 ವೋಲ್ಟ್, ಇಲ್ಲಿ 230. ಲ್ಯಾಪ್‌ಟಾಪ್ ಚಾರ್ಜರ್ ಎರಡಕ್ಕೂ ನಡೆಯುತ್ತದೆ, ಮೇಲೆ 100-240 ಅಂತ ಬರೆದಿದೆಯೇ ನೋಡಿ. ಮನೆಯಿಂದ ಕೆಲಸ ಮಾಡುವವರಿದ್ದರೆ ಇನ್ವರ್ಟರ್ ಜೊತೆ ಇಂಟರ್‌ನೆಟ್‌ಗೆ ಎರಡು ಬೇರೆ ಬೇರೆ ದಾರಿ ಇರಲಿ, ಫೈಬರ್ ಒಂದು, ಮೊಬೈಲ್ ಡೇಟಾ ಇನ್ನೊಂದು. ಮರ ಬಿದ್ದರೆ ವಿದ್ಯುತ್ ಲೈನೂ ಕೇಬಲ್ಲೂ ಒಟ್ಟಿಗೇ ಹೋಗುತ್ತವೆ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ರೂಟರ್ ಸುಡುತ್ತದೆ. ಮೋಡ ಕಟ್ಟಿದ ಕೂಡಲೇ ಪ್ಲಗ್ ಕೀಳುವ ಅಭ್ಯಾಸ ಮೊದಲ ದಿನದಿಂದಲೇ ಮಾಡಿಸಿ.

ಇಂಬಳ (ಜಿಗಣೆ) ಕಂಡರೆ ಹೆದರುತ್ತಾರೆ, ಅದರಿಂದ ರೋಗವಿಲ್ಲ, ಉಪ್ಪು ಮುಟ್ಟಿಸಿದರೆ ಬಿಡುತ್ತದೆ. ನಿಜವಾಗಿ ಎಚ್ಚರ ಬೇಕಾದ್ದು ಉಣುಗಿನ (ಉಣ್ಣೆ ಹುಳದ) ಬಗ್ಗೆ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡಿದ್ದು ನಮ್ಮದೇ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಆ ತಿಂಗಳುಗಳಲ್ಲಿ ಬೆಟ್ಟಕ್ಕೆ ಹೋಗುವುದಿದ್ದರೆ ಉದ್ದ ಬಟ್ಟೆ, ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ, ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯನ್ನೂ ಬಿಸಿನೀರಿಗೆ. ಕೊಟ್ಟಿಗೆಗೆ ತಂದ ದರಗಿನ ರಾಶಿಯ ಮೇಲೆ ಮಗುವನ್ನು ಆಡಲು ಬಿಡಬೇಡಿ, ನೋಡಲು ಚಂದ, ಆದರೆ ಉಣುಗು ಮನೆಗೆ ಬರುವುದೇ ಅದರ ಜೊತೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಇದ್ದಕ್ಕಿದ್ದಂತೆ ಜ್ವರ, ಹಣೆನೋವು, ಮೈಕೈ ನೋವು ಬಂದರೆ ಪ್ಯಾರಾಸಿಟಮಾಲ್ ನುಂಗಿ ಕೂರದೆ ರಕ್ತಪರೀಕ್ಷೆ ಮಾಡಿಸಿ, ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಬೇಕು ಅಂತ ಸೊಸೆಗೆ ಗೊತ್ತಿರಲಿ.

ಮೂಲಪತ್ರಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಬೀರುವಿನಲ್ಲಿಟ್ಟರೆ ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ.

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ, ಬಹಳ ಉಪಕಾರವಾಯಿತು. ಮಗನಿಗೆ ಫೋನ್ ಮಾಡಿದೆ. ಪ್ರಮಾಣಪತ್ರ ಸರಿಯಾದದ್ದೇ, ಅಪೋಸ್ಟಿಲ್ ಕೂಡ ಆಗಿದೆಯಂತೆ. ಆದರೆ ಸ್ಕ್ಯಾನ್ ಮಾಡಲು ಎರಡೂ ಹಾಳೆಯ ಪಿನ್ ಬಿಚ್ಚಿ, ಬೂಷ್ಟು ಹಿಡಿಯದಿರಲಿ ಅಂತ ಪ್ರಮಾಣಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಿದ್ದಾನೆ. ನಡೆಯುತ್ತದೆಯೇ?

ಕಾಗದಪತ್ರ (ಶಿವಮೊಗ್ಗ)

ನಡೆಯುತ್ತದೆ ಅಂತ ನಂಬಿಕೊಳ್ಳಬೇಡಿ. ಅಪೋಸ್ಟಿಲ್ ಹಾಳೆ ಮೂಲಪತ್ರಕ್ಕೆ ಅಂಟಿಕೊಂಡಿದ್ದರೇ ಅದಕ್ಕೆ ಬೆಲೆ. ಪಿನ್ ಬಿಚ್ಚಿದ ಎರಡು ತೂತಿನ ಗುರುತು ಕಂಡರೆ, ಬೇರೆ ಕಾಗದಕ್ಕೆ ಸೇರಿಸಿದ್ದೋ ಎಂದು ಸಂಶಯ ಬರುತ್ತದೆ. ಲ್ಯಾಮಿನೇಟ್ ಆದರೆ ಮುದ್ರೆ ಮುಟ್ಟಿ ನೋಡಲೂ ಆಗುವುದಿಲ್ಲ. ಇನ್ನೂ ಅಲ್ಲೇ ಇದ್ದಾರಲ್ಲ, ಹೊಸ ಪ್ರಮಾಣಪತ್ರ ಎರಡು ಪ್ರತಿ ತರಿಸಿ ಎರಡಕ್ಕೂ ಅಪೋಸ್ಟಿಲ್ ಮಾಡಿಸಲಿ. ಸ್ಕ್ಯಾನ್ ಮಾಡುವಾಗ ಮೇಲಿನ ಹಾಳೆಯನ್ನು ಹಿಂದಕ್ಕೆ ಮಡಿಸಿ ಒಂದೊಂದೇ ಪುಟ ತೆಗೆಯಬೇಕು, ಮೂಲೆಯ ಪಿನ್ ಚಿತ್ರದಲ್ಲಿ ಕಾಣಬೇಕು. ಒಂದು ಪ್ರತಿ ಓಸಿಐ ಅರ್ಜಿಗೆ, ಇನ್ನೊಂದು ಸೊಸೆಯ ಕೈಚೀಲದಲ್ಲೇ ಬರಲಿ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಬೇಡ.